ಅಪ್ಪ ಮಣ್ಣು ಹಾಕಿಸದೇ ಬಿಟ್ಟ ಮಾಳಿಗೆ

ಆಗ ಹುಬ್ಬಳ್ಳಿಯ ಮನೆಗಳಿಗೆ ನಂಬರು ಇದ್ದವೋ ಇಲ್ಲವೋ, ನನಗೆ ನೆನಪಿಲ್ಲ. ಹಳೇ ಓಣಿಯಲ್ಲಿ ನಮ್ಮ ಮನೆಯನ್ನು ಜನ "ಗಂಗಾಬಾಯಿ ಬಾಜೂಕಿನ ಮನಿ" ಎನ್ನುತ್ತಿದ್ದರು. ಗಂಗಾಬಾಯಿಯವರ ಮನೆಯನ್ನು "ಡ್ರಾಫ್ಟ್ಸ್‌ಮನ್ ಬಾಜೂಕಿನ ಮನಿ". ಡ್ರಾಫ್ಟ್ಸ್‌ಮನ್ ಎಂದರೆ ನನ್ನ ಅಪ್ಪ, ನಕಾಶೆ ಬರೆಯುವವರು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಕನ್ವೆಂಟಿನಲ್ಲಿ ನಾಲ್ಕನೇ ಸ್ಟ್ಯಾಂಡರ್ಡ್.

ರೈಲ್ವೆ ಕೆಲಸ ಹುಡುಕಿಕೊಂಡು ಊರು ಸೇರಿದ ಇಬ್ಬರು ಗೆಳೆಯರು ಕಟ್ಟಿದ ಮನೆಗಳು ಅವು. ಒಬ್ಬರು ನನ್ನ ಅಜ್ಜ, ಇನ್ನೊಬ್ಬರು ಗಂಗಾಬಾಯಿಯ, ಅಂದರೆ ನಮ್ಮ ಗಂಗಾ ಕಾಕುವಿನ, ಮಾವ. ಎರಡಕ್ಕೂ ನಡುವೆ ಒಂದೇ ಮಣ್ಣಿನ ಗೋಡೆ, ಮೊಳಕ್ಕಿಂತ ದಪ್ಪ. ಎರಡೂ ಮನೆಯ ತೊಲೆಗಳು ಅದರ ಮೇಲೆಯೇ ಕೂತಿದ್ದವು. ಮೇಲೆ ಹೋದರೆ ಮಾಳಿಗೆಯೂ ಒಂದೇ, ಮಣ್ಣಿನದು. ನಮ್ಮದೆಲ್ಲಿ ಮುಗಿಯಿತು, ಅವರದೆಲ್ಲಿ ಶುರುವಾಯಿತು ಎಂದು ಬೆಳಕಿಂಡಿ ಎಣಿಸಿ ತಿಳಿದುಕೊಳ್ಳಬೇಕು. ನಮ್ಮವು ಎರಡು, ಅವರದು ಒಂದು.

ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಗಬ್ಬೂರ ಕಡೆಯಿಂದ ಚಕ್ಕಡಿಯಲ್ಲಿ ಸವಳು ಮಣ್ಣು ಬರುತ್ತಿತ್ತು. ಅದನ್ನು ಮಾಳಿಗೆಯ ಮೇಲೆ ಹರವಿ, ನೀರು ಚಿಮುಕಿಸಿ, ತುಳಿದು ಗಟ್ಟಿ ಮಾಡಿದರೆ ಆ ವರ್ಷ ಮನೆ ಸೋರುವುದಿಲ್ಲ. ತುಳಿಯುವುದು ಮಕ್ಕಳ ಕೆಲಸ. ಗಂಗಾ ಕಾಕುವಿನ ಮಗಳು ಶಾಂತಿ ಎಂಜಿನ್, ನಾನು ಅವಳ ಲಂಗ ಹಿಡಿದ ಡಬ್ಬಿ. ಈ ತುದಿಯಿಂದ ಆ ತುದಿಗೆ ಶಂಟಿಂಗ್. ಒದ್ದೆ ಮಣ್ಣಿನ ವಾಸನೆ, ಕಾಕು ಒಣಹಾಕಿದ ಹಪ್ಪಳದ ಇಂಗಿನ ವಾಸನೆ. ಆಮೇಲೆ ಎಲ್ಲರಿಗೂ ತಿನ್ನಲು ಚುರಮರಿ ಸುಸಲಾ. ಗಂಡ ತೀರಿದ ಮೇಲೆ ಕಾಕು ಹಪ್ಪಳ ಮಾಡಿ ಮಾರಿಯೇ ಮನೆ ನಡೆಸುತ್ತಿದ್ದರು. ಆ ಮಾಳಿಗೆ, ಅದರ ಕೆಳಗಿನ ಎರಡು ಕೋಣೆ ಬಿಟ್ಟು ಅವರಿಗೆ ಬೇರೇನೂ ಇರಲಿಲ್ಲ.

ಆ ವರ್ಷ ಅಪ್ಪ ವಿದ್ಯಾನಗರದಲ್ಲಿ ಬಂಗಲೆ ಕಟ್ಟಿಸಿದರು. ಪ್ಲಾನ್ ಅವರೇ ಬರೆದದ್ದು. ನಾಲ್ಕೂ ಕಡೆ ಮಾರ್ಜಿನ್, ಸ್ಲ್ಯಾಬಿನ ಮಾಳಿಗೆ, ಡ್ರಾಯಿಂಗ್ ರೂಮು, ಎಲ್ಲದರ ಸುತ್ತ ಕಾಂಪೌಂಡು. "ಯಾರ ಗ್ವಾಡಿಗೂ ನಮ್ಮ ಗ್ವಾಡಿ ಹತ್ತಂಗಿಲ್ಲ ನೋಡು" ಎಂದು ಬ್ಲೂಪ್ರಿಂಟಿನ ಮೇಲೆ ಬೆರಳಾಡಿಸಿ ತೋರಿಸುತ್ತಿದ್ದರು. ಹಳೆಯ ಮನೆಯನ್ನು ದೀಪಾವಳಿಯ ಹೊತ್ತಿಗೆ ಬಿಚ್ಚಿಸಿ, ತೇಗದ ಕಂಬಗಳನ್ನು ಹೊಸ ಮನೆಯ ವರಾಂಡಕ್ಕೆ ತರುವುದೆಂದು ತೀರ್ಮಾನವಾಯಿತು.

ಸಾಮಾನು ಸಾಗಿಸುವ ದಿನ ಗಂಗಾ ಕಾಕು ಬಾಗಿಲಲ್ಲಿ ನಿಂತು ಕೇಳಿದರು.

"ಅಣ್ಣಾರ, ಈ ಸಲ ಮಾಳಿಗಿ ಮಣ್ಣಿಂದು ಹ್ಯಾಂಗ?"

"ಮನೀನ ಕೆಡವೂದದಲ್ರಿ ಗಂಗಾಬಾಯಿ. ಕೆಡವೋ ಮನಿಗೆ ಯಾರರ ಮಣ್ಣ ಹಾಕ್ತಾರೇನು?" ಅಪ್ಪ ನಕ್ಕರು.

"ನೀವು ಕೆಡವೂತನಕ ಮಳಿ ಬಾಗಲಾಗ ನಿಂದರ್ತದೇನ್ರಿ?"

ಅದಕ್ಕೂ ಅಪ್ಪ ನಕ್ಕರು. ಅವರು ಕೆಟ್ಟವರಲ್ಲ. ಅವರ ಲೆಕ್ಕದಲ್ಲಿ ಆ ಮನೆ ಆಗಲೇ ಮುಗಿದುಹೋಗಿತ್ತು, ಅಷ್ಟೇ.

ಕಾಕು ತಮ್ಮ ಪಾಲಿನ ಮಣ್ಣು ತರಿಸಿದ ದಿನ ನಾನು ಅಮ್ಮನ ಜೊತೆ ಓಣಿಗೆ ಹೋಗಿದ್ದೆ. ಶಾಂತಿ ಮೇಲಿಂದ ಕೂಗಿದಳು. "ಏ, ಡಬ್ಬಿ ಇಲ್ಲದ ಎಂಜಿನ್ ಓಡಾಕತ್ತೇತಿ, ಬಾರೇ ಮ್ಯಾಲೆ!"

"ಶೂಸ್ ಹೊಲಸಾಗ್ತಾವ" ಎಂದೆ.

"ಇಂಗ್ಲಿಷ್ ಕಾಲ ನೋಡವಾ, ಮಣ್ಣಾಗ ಇಳಿಯಂಗಿಲ್ಲ!" ಎಂದು ನಕ್ಕು ಒಬ್ಬಳೇ ತುಳಿದಳು. ಅವರ ಬೆಳಕಿಂಡಿ ದಾಟುವಷ್ಟರಲ್ಲಿ ಮಣ್ಣು ತೀರಿತು. ನಮ್ಮ ಎರಡು ಬೆಳಕಿಂಡಿಗಳ ಸುತ್ತ ಹೋದ ವರ್ಷದ ಮಣ್ಣು ಬಿರುಕು ಬಿಟ್ಟು ಹಾಗೆಯೇ ಇತ್ತು.

ನಮ್ಮ ಕಡೆ ಸೋರಿದ ನೀರನ್ನು ಎರಡು ತಿಂಗಳು ಆ ನಡುಗೋಡೆಯೇ ಕುಡಿಯಿತು. ಶ್ರಾವಣದ ಒಂದು ಮಧ್ಯಾಹ್ನ ಗೋಡೆ ಕುಸಿಯಿತು. ಬಿದ್ದದ್ದು ಅವರ ಕಡೆಗೆ. ಕಾಕು ನಳಕ್ಕೆ ನೀರು ತರಲು ಹೋಗಿದ್ದರು, ಶಾಂತಿ ಸಾಲೆಯಲ್ಲಿದ್ದಳು. ಹಾಗಾಗಿ ಉಳಿದರು.

ಅಪ್ಪ ನನ್ನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂಡಿಸಿಕೊಂಡು ಹೋದರು. ಅವರ ಪಡಸಾಲೆ, ನಮ್ಮ ಪಡಸಾಲೆ ಕೂಡಿ ಒಂದೇ ದೊಡ್ಡ ಹಾಲ್ ಆಗಿತ್ತು. ಅದರ ಮೇಲೆ ಸಣ್ಣಗೆ ಮಳೆ ಬೀಳುತ್ತಿತ್ತು. ಶಾಂತಿ ಹಪ್ಪಳದ ಡಬ್ಬಿಯಿಂದ ಮಣ್ಣು ತೆಗೆಯುತ್ತಿದ್ದಳು. ನನ್ನನ್ನು ನೋಡಿ ಮತ್ತೆ ಡಬ್ಬಿ ನೋಡಿದಳು.

"ಬಂದ್ರಿ ಅಣ್ಣಾರ? ಒಲಿ ಇನ್ನೂ ಅದ, ಚಹಾ ಮಾಡ್ತೇನಿ" ಎಂದರು ಕಾಕು.

"ಗ್ವಾಡಿ ನಾ ಕಟ್ಟಿಸಿಕೊಡ್ತೇನ್ರಿ, ಗಂಗಾಬಾಯಿ."

"ಹಸೀ ಗ್ವಾಡಿ ಮ್ಯಾಲೆ ಹಳೇ ತೊಲಿ ಹ್ಯಾಂಗ ಕೂಡ್ತದ್ರಿ. ಬಿಡ್ರಿ. ನೀವೇನು ಬೇಕಂತ ಮಾಡಿದ್ದಲ್ಲ."

ಅಪ್ಪ ಆ ಚಹಾ ಕುಡಿದರು. ನನಗೆ ಅಳು ಬರಲಿಲ್ಲ. ಸಾಕ್ಸ್ ಒದ್ದೆಯಾಗಿತ್ತು, ಅದೊಂದು ಗೊತ್ತಾಗುತ್ತಿತ್ತು.

ಮುಂದಿನ ಭಾನುವಾರ ಮಳೆ ಹೊಳವಾದಾಗ ಅಪ್ಪ ಒಂದು ಚಕ್ಕಡಿ ಸವಳು ಮಣ್ಣು ತರಿಸಿ, ಕಾಕುವಿನ ಉಳಿದ ಒಂದು ಕೋಣೆಯ ಮೇಲೆ ಹಾಕಿಸಿದರು. ಪ್ಯಾಂಟು ಮಡಚಿ ತಾವೇ ತುಳಿದರು. ನಾನೂ ಶೂಸ್ ಕಳಚಿಟ್ಟು ತುಳಿದೆ. ಶಾಂತಿ ಮೇಲೆ ಬರಲಿಲ್ಲ. ದಸರೆಗೆ ಮುಂಚೆ ತಾಯಿ ಮಗಳು ಗದಗಿನಲ್ಲಿದ್ದ ಕಾಕುವಿನ ಅಣ್ಣನ ಮನೆಗೆ ಹೋದರು. ಜಗಳವಾಗಲಿಲ್ಲ. ಒಂದು ಕಾಗದವೂ ಬರಲಿಲ್ಲ, ನಾವೂ ಬರೆಯಲಿಲ್ಲ. ತೇಗದ ಕಂಬಗಳು ವರಾಂಡಕ್ಕೆ ಬಂದವು. ಬಂದವರೆಲ್ಲ "ಬ್ಯೂಟಿಫುಲ್" ಎಂದರು.

ಹೋದ ವರ್ಷ ಆ ಓಣಿಗೆ ಹೋಗಿದ್ದೆ. ಎರಡೂ ಮನೆಯ ಜಾಗದಲ್ಲಿ ಈಗ ಒಂದು ಕಾಂಪ್ಲೆಕ್ಸ್. ಗಂಗಾಬಾಯಿ ಎಂದರೆ ಗೊತ್ತಿರುವವರು ಒಬ್ಬರೂ ಸಿಗಲಿಲ್ಲ. ನನ್ನನ್ನು ಯಾರ ಬಾಜೂಕಿನವಳು ಎಂದು ಯಾರೂ ಕೇಳಲೂ ಇಲ್ಲ. ಬಿಸಿಲಿತ್ತು, ಆಟೋ ಹಿಡಿದು ವಾಪಸು ಬಂದೆ.

ಅಪ್ಪ ಮಾತ್ರ ಬದುಕಿರುವತನಕ ಪ್ರತಿ ಮೇ ತಿಂಗಳ ಕೊನೆಗೆ ವಿದ್ಯಾನಗರದ ಮನೆಯ ಟೆರೇಸ್ ಹತ್ತುತ್ತಿದ್ದರು.

"ಕಾಂಕ್ರೀಟ್ ಅದ, ಏನ್ ನೋಡ್ತೀರಿ ಅಲ್ಲೆ?" ಎಂದು ಅಮ್ಮ ಕೆಳಗಿಂದ ಕೇಳುತ್ತಿದ್ದಳು.

"ಏನಿಲ್ಲ."

ಸ್ವಲ್ಪ ಹೊತ್ತು ಅತ್ತಿತ್ತ ಅಡ್ಡಾಡಿ ಇಳಿದು ಬರುತ್ತಿದ್ದರು. ಕಾಲಿಗೆ ಏನೂ ಹತ್ತಿರುತ್ತಿರಲಿಲ್ಲ. ಆದರೂ ಬಚ್ಚಲಿಗೆ ಹೋಗಿ ಮೊಣಕಾಲತನಕ ತೊಳೆದುಕೊಳ್ಳುತ್ತಿದ್ದರು.