ಬಿಳಿಯಕ್ಕನ ಹಗ್ಗ, ಭಾವನ ಒಲೆ

ಬೀದಿಯವರೆಲ್ಲ ಅವಳನ್ನು ಬಿಳಿಯಕ್ಕ ಎನ್ನುತ್ತಿದ್ದರು. ಮೈಬಣ್ಣ ನೋಡಿ ಇಟ್ಟ ಹೆಸರಲ್ಲ, ಅವಳು ಒಗೆದ ಬಟ್ಟೆ ನೋಡಿ ಇಟ್ಟಿದ್ದು. ಮಹಾನಗರದ ದೊಡ್ಡ ಹೋಟೆಲೊಂದರ ಚಾದರಗಳೆಲ್ಲ ವ್ಯಾನು ಹತ್ತಿ ಅವಳ ಹಿತ್ತಿಲಿಗೆ ಬರುತ್ತಿದ್ದವು. ನಗರದಲ್ಲಿ ಒಣಹಾಕಿದರೆ ಮಸಿ ಹಿಡಿಯುತ್ತದಂತೆ, ನಗರದಾಚೆಯ ಈ ಊರಿನಲ್ಲಿ ಗಾಳಿ ಶುದ್ಧವಂತೆ. ಹಗ್ಗವನ್ನು ಒರೆಸಿ, ಒರೆಸಿದ ಬಟ್ಟೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡದೆ ಅವಳು ಕ್ಲಿಪ್ಪು ಮುಟ್ಟುತ್ತಿರಲಿಲ್ಲ.

ಈ ಚಳಿಗಾಲದಲ್ಲಿ ಮಾತ್ರ ಎಲ್ಲ ಎಡವಟ್ಟಾಯಿತು. ಬೆಳಿಗ್ಗೆ ಹಾಲಿನಂತೆ ಹಗ್ಗವೇರಿದ ಚಾದರ ಸಂಜೆಗೆ ಬೂದಿ ಬಳಿದುಕೊಂಡು ಇಳಿಯುತ್ತಿತ್ತು. ಇನ್ನೊಂದು ಸಲ ಹೀಗಾದರೆ ಕೆಲಸ ಬೇರೆಯವರಿಗೆ ಎಂದು ಹೋಟೆಲಿನವರು ಹೇಳಿ ಕಳಿಸಿದರು. ಆ ಹೋಟೆಲೊಂದೇ ಅವಳ ಅನ್ನ. ಆದರೆ ಕಳ್ಳನನ್ನು ಹುಡುಕಲು ಅವಳೇನೂ ದೂರ ಹೋಗಲಿಲ್ಲ. ಪಕ್ಕದಲ್ಲೇ ಅಕ್ಕನ ಗಂಡನ ಬೇಕರಿ, ಅದರ ಚಿಮಣಿ, ಅದರ ಹೊಗೆ. ಬೇಲಿಯ ಮೇಲಿಂದಲೇ ಭಾವನ ಜನ್ಮ ಜಾಲಾಡಿದಳು.

ನಾದಿನಿಯ ಬಾಯಿಗಿಂತ ನಷ್ಟವೇ ವಾಸಿ ಎಂದು ಭಾವ ಒಂದು ದಿನ ಒಲೆ ಆರಿಸಿದ. ಊರು ಬ್ರೆಡ್ಡಿಲ್ಲದೆ ಗೊಣಗಿತು. ಬಿಳಿಯಕ್ಕ ಇಲ್ಲದ ಮೀಸೆ ತಿರುವಿದಳು.

ಸಂಜೆ ನೋಡಿದರೆ ಅದೇ ಬೂದಿ. ಅದೂ ಬೇಕರಿಯ ಕಡೆಗಲ್ಲ, ನಗರದ ಕಡೆ ತಿರುಗಿದ್ದ ಮಗ್ಗುಲಿಗೆ.

ಅಷ್ಟರಲ್ಲಿ ವ್ಯಾನು ಬಂತು. ನಗರದಲ್ಲಿ ಎದುರಿನ ಕಟ್ಟಡವೂ ಕಾಣದಷ್ಟು ಹೊಗೆ ಕವಿದಿತ್ತು, ಬೆಳಿಗ್ಗೆ ಗಾಳಿ ಎದ್ದ ಮೇಲೆ ಎಲ್ಲ ತಿಳಿಯಾಯಿತು ಎಂದು ಡ್ರೈವರ್ ಖುಷಿಯಾಗಿ ಹೇಳಿದ.

“ತಿಳಿಯಾಯ್ತು ಅಂದ್ರೆ, ಆ ಹೊಗೆ ಎಲ್ಲಿಗೆ ಹೋಯ್ತಪ್ಪ?”

ಅವನು ಹಗ್ಗದ ಮೇಲಿನ ಚಾದರ ನೋಡಿದ. ಅಷ್ಟು ಜನ, ಅಷ್ಟು ಗಾಡಿ, ಅಷ್ಟು ಒಲೆಗಳ ಹೊಗೆ ಊರಿನ ಗಡಿ ನೋಡಿ ನಿಲ್ಲುತ್ತದೆಯೇ! ನಗರದ ಕೊಳೆ ವ್ಯಾನಿನಲ್ಲಿ ಬರುತ್ತಿತ್ತು, ಮಸಿ ಗಾಳಿಯಲ್ಲಿ. ವ್ಯಾನಿಗಾದರೂ ವಾಪಸು ಹೋಗುವ ಬುದ್ಧಿಯಿತ್ತು. ಬೆಳಗಾಗುವಷ್ಟರಲ್ಲಿ ಚಾದರ ಬೇಕೇ ಬೇಕೆಂದು ಹೇಳಿ ಅವನು ಹೋದ.

ಬಿಳಿಯಕ್ಕ ಮತ್ತೆ ಒಗೆದಳು. ಒಣಗಿಸುವುದೆಲ್ಲಿ? ಹೊರಗಿನ ಗಾಳಿ ಸೋಕದೆ ಬಟ್ಟೆ ಒಣಗುವ ಜಾಗ ಬೀದಿಗೆಲ್ಲ ಒಂದೇ: ಬೇಕರಿಯ ಒಲೆಯ ಮೇಲಿನ ಅಟ್ಟ. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ. ಆದರೂ ಬಕೆಟ್ಟು ಸೊಂಟಕ್ಕಿಟ್ಟುಕೊಂಡು ಹೋಗಿ ಬೇಕರಿಯ ಬಾಗಿಲಲ್ಲಿ ನಿಂತಳು.

“ಭಾವ, ತಪ್ಪಾಯ್ತು. ಒಲೆ ಹಚ್ಚಿ.”

ತಣ್ಣಗಿನ ಒಲೆಯ ಮುಂದೆ ಕೂತಿದ್ದ ಭಾವ ಅವಳನ್ನೂ ಬಕೆಟ್ಟನ್ನೂ ನೋಡಿದ. “ಹೊಗೆ ಬರತ್ತಲ್ಲಮ್ಮ,” ಎಂದ.

“ಬರ್ಲಿ ಬಿಡಿ. ಅದು ನಮ್ಮನೆ ಹೊಗೆ.”

ಆ ರಾತ್ರಿ ಕೆಳಗೆ ಬ್ರೆಡ್ಡು ಬೆಂದಿತು, ಮೇಲೆ ಚಾದರ ಒಣಗಿತು. ಹೋಟೆಲಿನಿಂದ ಆ ಸಲ ದೂರು ಬರಲಿಲ್ಲ. ಯಾವ ಸೋಪು ಹಾಕುತ್ತೀರಿ ಎಂದು ಮಾತ್ರ ಕೇಳಿ ಕಳಿಸಿದ್ದರು. ಆ ಚಾದರದ ಮೇಲೆ ಮಲಗಿದವರಿಗೆಲ್ಲ ವಿಪರೀತ ಹಸಿವಾಗುತ್ತಿತ್ತಂತೆ.