ಪೂರ್ವಕ್ಕೊಂದು ಪ್ರಕಟಣೆ, ಪಶ್ಚಿಮಕ್ಕೊಂದು

ತೊಂಬತ್ತರ ದಶಕದಲ್ಲಿ ನಾನು ಬಸವಕಲ್ಯಾಣದಲ್ಲಿ ಕನ್ನಡ ದಿನಪತ್ರಿಕೆಯೊಂದರ ಅರೆಕಾಲಿಕ ವರದಿಗಾರನಾಗಿದ್ದೆ. ಬಸ್ ನಿಲ್ದಾಣದ ಪತ್ರಿಕೆ ಅಂಗಡಿಗೆ ಬೆಳಿಗ್ಗೆ ಮೂರು ದಿಕ್ಕಿನಿಂದ ಕಟ್ಟುಗಳು ಬರುತ್ತಿದ್ದವು. ಗುಲಬರ್ಗಾದಿಂದ ಕನ್ನಡ, ಸೊಲ್ಲಾಪುರದಿಂದ ಮರಾಠಿ, ಹೈದರಾಬಾದಿನಿಂದ ಉರ್ದು. ಮೂರನ್ನೂ ಒಂದೇ ದಾರಕ್ಕೆ ತೂಗುಹಾಕುತ್ತಿದ್ದರು. ಒಂದನ್ನು ಓದುವವರು ಇನ್ನೊಂದನ್ನು ಮುಟ್ಟುತ್ತಿರಲಿಲ್ಲ. ನನಗೆ ಮೂರೂ ಭಾಷೆ ಬರುತ್ತಿದ್ದವು, ಆದರೆ ಉರ್ದು ಅಪ್ಪ ಕಲಿಸಿದ್ದಷ್ಟೇ. ತಲೆಬರಹ ದಾಟಿ ಓದುವ ಪುರುಸೊತ್ತು ಇರುತ್ತಿರಲಿಲ್ಲ.

ಆ ದಶಕದ ನಡುವೆ ಒಂದು ಮಧ್ಯಾಹ್ನ ಕೊಹಿನೂರದಿಂದ ಕೂಲಿ ಹೆಣ್ಣುಮಗಳೊಬ್ಬಳು ಮೈದುನನ ಜೊತೆ ನನ್ನನ್ನು ಹುಡುಕಿಕೊಂಡು ಬಂದಳು. ಗಂಡ ಮನೆಬಿಟ್ಟು ಹೋಗಿದ್ದ, ಮರಾಠಿ ಪತ್ರಿಕೆಗೆ ಒಂದು ಪ್ರಕಟಣೆ ಬರೆದುಕೊಡಬೇಕಿತ್ತು.

"ಏನಂತ ಹೇಳಿ ಹೋದ?" ಎಂದೆ.

"ಬಾಂಬೆಗೆ ಹೋಗ್ತೀನಿ, ನಿನ್ನ ಮಾರಿ ನೋಡಂಗಿಲ್ಲ ಅಂದ್ರಿ. ಸಾರಿಗೆ ಉಪ್ಪು ಜಾಸ್ತಿ ಆಗಿತ್ತು. ಸಿಟ್ಟು ಬಂದ್ರ ಯಾವಾಗ್ಲೂ ಹಂಗೇ ಅಂತಿದ್ದ."

ಗಂಡನದೊಂದು ಫೋಟೊವೂ ಆಕೆಯಲ್ಲಿರಲಿಲ್ಲ. ಆದ್ದರಿಂದ ಎತ್ತರ, ಬಣ್ಣ, ಬಟ್ಟೆಯ ವಿವರ ಕೇಳಿದೆ. ನೀಲಿ ಗೀರಿನ ಅಂಗಿ ಎಂದಳು.

"ಜೇಬಿನ ಮ್ಯಾಲಿನ ತ್ಯಾಪಿ ಬರೀರಿ. ನನ್ನ ಸೀರಿ ಸೆರಗಿನ ಅರಿವಿ ಅದು, ಕೆಂಪು ಹೂವಿಂದು. ಅಂಥಾ ತ್ಯಾಪಿ ಇನ್ನೊಬ್ಬರ ಅಂಗಿ ಮ್ಯಾಲ ಇರಂಗಿಲ್ಲ."

"ಬಾಂಬೆ ಮಂದಿ ತ್ಯಾಪಿ ನೋಡ್ಕೋತ ಕುಂತಿರ್ತಾರೇನ ವೈನಿ?" ಎಂದು ಮೈದುನ ನಕ್ಕ.

ನಮ್ಮ ಪತ್ರಿಕೆಗೂ ಕೊಡೋಣವೇ ಎಂದು ಕೇಳಿದೆ. "ಕನ್ನಡ ಪೇಪರ್ ಬಾಂಬೆದಾಗ ಯಾರ್ ಓದ್ತಾರ್ರಿ?" ಎಂದ. ಮಾತು ಸರಿಯೆನಿಸಿತು. ನಮ್ಮ ಕಡೆ ಮನೆಬಿಟ್ಟವನು ಹೆದ್ದಾರಿಯ ಬಂಗ್ಲಾ ಕ್ರಾಸಿನಲ್ಲಿ ನಿಂತು ಸೊಲ್ಲಾಪುರದ ಬಸ್ಸನ್ನೇ ಹತ್ತುತ್ತಾನೆ, ಅಲ್ಲಿಂದ ಪುಣೆ ಅಥವಾ ಬಾಂಬೆ. ಇದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಮರಾಠಿಯಲ್ಲಿ ಪ್ರಕಟಣೆ ಬರೆದು, ತೇಪೆಯ ವಿವರವನ್ನೂ ಸೇರಿಸಿ, ಸೊಲ್ಲಾಪುರಕ್ಕೆ ಕಳುಹಿಸಿದೆ. ಅದು ಅಚ್ಚಾಯಿತು. ಉತ್ತರ ಬರಲಿಲ್ಲ.

ಮುಂದೆ ದೀಪಾವಳಿಗೆ, ಬಾಂಬೆಯಲ್ಲಿ ದುಡಿಯುತ್ತಿದ್ದ ಅದೇ ಊರಿನವನೊಬ್ಬ ರಜೆಗೆ ಬಂದವನು ಆತನನ್ನು ದಾದರ ಸ್ಟೇಷನ್ನಿನಲ್ಲಿ ನೋಡಿದೆನೆಂದ. ನಾನು ಹೋಗಿ ವಿಚಾರಿಸಿದಾಗ ಅವನಿಗೆ ಕಂಡದ್ದು ಬೆನ್ನು ಮಾತ್ರ. ಮರುವರ್ಷ ಅವನು ಹೇಳುವಾಗ ಮುಖವೂ ಕಂಡಿತ್ತು. ಆಮೇಲೆ ಪಕ್ಕದಲ್ಲಿ ಹಸಿರು ಸೀರೆಯ ಹೆಂಗಸು, ಅವಳ ಕಂಕುಳಲ್ಲೊಂದು ಕೂಸು ಸೇರಿಕೊಂಡವು. ಊರು ಅದನ್ನು ನಂಬಿತು. ಆಕೆಯೂ ನಂಬಿದಳು. ತೊಗರಿ ಕೊಯ್ಯುವ ಸಾಲಿನಲ್ಲಿ ಜೊತೆಯವರು "ನಿನ್ನ ಸವತಿಗೆ ಎಷ್ಟನೇದು ಈಗ?" ಎಂದು ಕೆಣಕುತ್ತಿದ್ದರಂತೆ. "ಬಾರಸಾಕ್ಕ, ಹೆಸರಿಡೋ ದಿನ, ನಿನ್ನನ್ನೂ ಕರೀತಾರ ತಗೊ" ಎಂದು ಆಕೆ ಕುಡಗೋಲು ನಿಲ್ಲಿಸದೆ ಉತ್ತರ ಕೊಡುತ್ತಿದ್ದಳಂತೆ. ಇದನ್ನೆಲ್ಲ ನನಗೆ ಹೇಳಿದವಳು ಆಕೆಯೇ. ಸಂತೆಗೆ ಬಂದಾಗ ಏನಾದರೂ ತಿಳಿಯಿತೇ ಎಂದು ಕೇಳಿಹೋಗುತ್ತಿದ್ದಳು. ಕೊನೆಗೆ ಕೇಳುವುದನ್ನೂ ಬಿಟ್ಟಳು.

ಎರಡು ಸಾವಿರದ ಇಸವಿಯ ನಂತರ, ಅದೇ ಹೆದ್ದಾರಿಯಲ್ಲಿ ಪೂರ್ವಕ್ಕಿರುವ ಪಕ್ಕದ ಹುಮನಾಬಾದಿನ ಕೈಗಾರಿಕಾ ಪ್ರದೇಶದ ಬಗ್ಗೆ ಒಂದು ಹಿನ್ನೋಟದ ಲೇಖನ ಬರೆಯಲು ಕಚೇರಿ ಹೇಳಿತು. ಹೈದರಾಬಾದಿನ ಒಂದು ಗ್ರಂಥಾಲಯ ತನ್ನಲ್ಲಿದ್ದ ಹಳೆಯ ಉರ್ದು ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಹಾಕಿದೆ, ಅವುಗಳಲ್ಲಿ ಹುಮನಾಬಾದಿನ ಸುದ್ದಿ ಬಹಳ ಇದೆ ಎಂದು ಯಾರೋ ತಿಳಿಸಿದರು. ಹುಮನಾಬಾದಿನ ಬಸ್ ನಿಲ್ದಾಣದೆದುರಿನ ಇಂಟರ್ನೆಟ್ ಅಂಗಡಿಯಲ್ಲಿ ಕೂತೆ. ಪದ ಹಾಕಿ ಹುಡುಕುವ ಸೌಲಭ್ಯ ಅದರಲ್ಲಿರಲಿಲ್ಲ. ಪುಟಗಳನ್ನು ಒಂದೊಂದಾಗಿ ತೆರೆಯಬೇಕು. ಪುಟ ಮೇಲಿನಿಂದ ಪಟ್ಟಿ ಪಟ್ಟಿಯಾಗಿ ಇಳಿಯುತ್ತಿತ್ತು.

"ಕಾಕಾ, ಹುಡುಗರು ಇಲ್ಲಿ ಹೀರೋಯಿನ್ ಫೋಟೊ ನೋಡಾಕ ಬರ್ತಾರ. ನೀವು ರದ್ದಿ ಪೇಪರ್ ನೋಡಾಕತ್ತೀರಿ," ಎಂದ ಅಂಗಡಿಯವನು.

ಕಾರ್ಖಾನೆಯ ಸುದ್ದಿಯೊಂದರ ಕೆಳಗೆ ಸಣ್ಣ ಚೌಕಟ್ಟು ಇತ್ತು. ಅದರಲ್ಲಿ ಒಂದು ಮುಖವಿತ್ತು. ಮಸಿ ಹರಡಿ, ಮುಖವೆನ್ನುವುದಕ್ಕಿಂತ ಕಪ್ಪು ಕಲೆ. ಅಕ್ಷರ ಕೂಡಿಸಿ ಓದಿದೆ. ಹುಮನಾಬಾದಿನ ಹೆದ್ದಾರಿಯಲ್ಲಿ ವಾಹನ ಬಡಿದು ಸತ್ತ ಅಪರಿಚಿತ. ಜಹೀರಾಬಾದ್, ಹೈದರಾಬಾದ್ ಕಡೆಯ ಲಾರಿ ಕ್ಲೀನರ್ ಇರಬಹುದು. ನೀಲಿ ಗೀರಿನ ಅಂಗಿ. ಜೇಬಿನ ಮೇಲೆ ಕೆಂಪು ಹೂವಿನ ಬಟ್ಟೆಯ ತೇಪೆ.

ಆ ಸಾಲನ್ನು ಮತ್ತೆ ಓದಿದೆ. ಪುಟದ ನೆತ್ತಿಯ ತಾರೀಖು ನೋಡಿದೆ. ಅವನು ಮನೆಬಿಟ್ಟ ವಾರವೇ. ನನ್ನ ಮರಾಠಿ ಪ್ರಕಟಣೆ ಸೊಲ್ಲಾಪುರದಲ್ಲಿ ಅಚ್ಚಾದ ವಾರವೂ ಅದೇ. ಒಂದೇ ತೇಪೆಯ ವಿವರ ಒಂದು ಭಾಷೆಯಲ್ಲಿ ಪಶ್ಚಿಮಕ್ಕೆ ಹೋಗಿತ್ತು, ಇನ್ನೊಂದರಲ್ಲಿ ಪೂರ್ವಕ್ಕೆ. ನಡುವಿನ ಕನ್ನಡದಲ್ಲಿ ಒಂದಕ್ಷರ ಬಂದಿರಲಿಲ್ಲ. ಈ ಪುಟ ನಮ್ಮ ಬಸ್ ನಿಲ್ದಾಣದ ಅಂಗಡಿಯಲ್ಲೂ ಆ ದಿನ ಸಂಜೆಯವರೆಗೆ ತೂಗಾಡಿರಬೇಕು.

"ಕಾಕಾ, ನೀರ್ ಕೊಡ್ಲೇನ್ರಿ?" ಎಂದ ಅಂಗಡಿಯವನು. ಬೇಡವೆಂದು ಪುಟದ ಪ್ರತಿ ತೆಗೆಸಿಕೊಂಡೆ.

ಒಂದೇ ಮೂಲದಿಂದ ಸಾವಿನ ಸುದ್ದಿ ಬರೆಯಬಾರದು ಎಂಬುದು ನಮ್ಮ ಕಚೇರಿಯ ಮೊದಲ ಪಾಠ. ಉರ್ದು ಪ್ರಕಟಣೆ ಕೊಟ್ಟವರು ವಾರಸುದಾರರಿಲ್ಲದ ಹೆಣಗಳಿಗೆ ಮಣ್ಣು ಕೊಡುತ್ತಿದ್ದ ಕೆಲವು ವ್ಯಾಪಾರಿಗಳು. ಅವರಲ್ಲಿ ಹಿರಿಯರೊಬ್ಬರು ಧಾನ್ಯ ಮಾರುಕಟ್ಟೆಯಲ್ಲಿ ಇನ್ನೂ ಅಡತಿ, ಅಂದರೆ ದಲ್ಲಾಳಿ ಅಂಗಡಿ, ನಡೆಸುತ್ತಿದ್ದರು. ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು.

"ಯಾದ್ ಅದ ರೀ. ತ್ಯಾಪಿ ನಾನೇ ಹೇಳಿ ಬರೆಸಿದ್ದೆ. ಕಪ್ಪು ದಾರಲೆ ಹೊಲಿದಿತ್ತು. ಮನ್ಯಾಗ ಯಾರೋ ಕಾಳಜಿ ಮಾಡೋರು ಅದಾರ ಅಂತ ಆವಾಗ ಅನಿಸಿತ್ತು."

"ಕನ್ನಡ ಪೇಪರಿಗೆ ಕೊಡಲಿಲ್ಲವಾ?"

"ಹೈವೇದಾಗ ಸತ್ತವರು ಬಹಳ ಮಟ್ಟಿಗೆ ಹೈದ್ರಾಬಾದ್ ಕಡಿಯವ್ರೇ ಇರ್ತಿದ್ರು. ಇಲ್ಲಿಯವ ಆಗಿದ್ರ ಗುರ್ತು ಹಿಡೀತಿದ್ರಲ್ಲ ಅಂದ್ಕೊಂಡ್ವಿ. ಎಲ್ಲಿಯವ ಇದ್ದ?"

"ಕೊಹಿನೂರದವ."

ಅವರು ತಲೆಯ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಕೊಹಿನೂರದ ತೊಗರಿ ನಮ್ಮ ಅಡತಿಗೇ ಬರ್ತದಲ್ರೀ," ಎಂದರು. "ಆ ವರ್ಷಾನೂ ಬಂದಿತ್ತು. ಗಾಡಿ ಹೊಡ್ಕೊಂಡು ಬಂದವರು ಇಲ್ಲೇ ಕುಂತು ಚಾ ಕುಡಿದು ಹೋದರು."

ಕೊಹಿನೂರಕ್ಕೆ ಹೋದಾಗ ಆಕೆ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ವಿಷಯ ಹೇಳುವ ಮೊದಲು, ಆ ತೇಪೆಯನ್ನು ಯಾವ ದಾರದಿಂದ ಹೊಲಿದಿದ್ದೆ ಎಂದು ಕೇಳಿದೆ.

"ಕರೀ ದಾರ. ಮನ್ಯಾಗ ಕೆಂಪು ಇರಲಿಲ್ಲ. ಯಾಕ್ರಿ?"

ಹೇಳಿದೆ. ಗೊತ್ತಿದ್ದಷ್ಟನ್ನೇ ಹೇಳಿದೆ. ಅವನು ಹುಮನಾಬಾದಿಗೆ ಯಾಕೆ ಹೋಗಿದ್ದ, ಹೋಗುತ್ತಿದ್ದನೋ ಮರಳಿ ಬರುತ್ತಿದ್ದನೋ, ಯಾರಿಗೂ ಗೊತ್ತಿಲ್ಲ ಎಂಬುದನ್ನೂ ಹೇಳಿದೆ.

ಮೊರ ಆಕೆಯ ಕೈಯಲ್ಲೇ ಇತ್ತು.

"ಹುಮನಾಬಾದಾ?"

"ಹೌದು."

"ಬಾಂಬೆ ಅಲ್ಲ?"

"ಅಲ್ಲ."

"ಹುಮನಾಬಾದಿಗೆ ನಾ ಹೋಗೀನಲ್ರೀ. ಅಕ್ಕನ ಮಗಳನ್ನ ಅಲ್ಲೇ ಕೊಟ್ಟಾರ. ಆ ರೋಡ್ ಮ್ಯಾಲೇ ಎಷ್ಟು ಸಲ ಹೋಗೀನಿ." ನನ್ನ ಕಡೆ ತಿರುಗಿ, "ಹಂಗಾರ ಇಷ್ಟು ವರ್ಷ ನಾ ಬೈದದ್ದು ಸತ್ತವಗ?" ಎಂದಳು.

ಮೈದುನ ಬಾಗಿಲ ಚೌಕಟ್ಟು ಹಿಡಿದು ನಿಂತವನು ಹೊಸ್ತಿಲ ಮೇಲೆ ಕೂತ. ಆಕೆ ಅಳಲಿಲ್ಲ. ಮೊರದಲ್ಲಿದ್ದ ಜೋಳವನ್ನು ಚೀಲಕ್ಕೆ ಸುರುವಿ ಎದ್ದು ನಿಂತಳು.

"ಇದು ನಿಮ್ಮ ಪೇಪರದಾಗ ಬರ್ಬೇಕ್ರಿ. ನಾ ಹೇಳಿದ್ರ ಊರಾಗ ಯಾರೂ ನಂಬಂಗಿಲ್ಲ. ಗಂಡ ಬಿಟ್ಟ ಹೆಂಗಸು ಕತಿ ಕಟ್ಯಾಳ ಅಂತಾರ."

ಕಚೇರಿಯಲ್ಲಿ ಮೊದಲು ಒಪ್ಪಲಿಲ್ಲ. ಹಳೆಯ ಸಾವು ಸುದ್ದಿಯಲ್ಲ ಎಂದರು. ಸತ್ತದ್ದು ಹಳೆಯದು, ಗುರುತು ಸಿಕ್ಕಿದ್ದು ಈಗ, ಸುದ್ದಿ ಅದೇ ಎಂದು ವಾದಿಸಿದೆ. ಜಿಲ್ಲಾ ಪುಟದ ಕೆಳಮೂಲೆಯಲ್ಲಿ ಜಾಗ ಸಿಕ್ಕಿತು. ಬರೆಯುವಾಗ ಒಂದು ವಿಶೇಷಣವನ್ನೂ ಬಳಸಲಿಲ್ಲ.

ಪತ್ರಿಕೆ ಬಂದ ದಿನ ನಾನೇ ಅದನ್ನು ಕೊಹಿನೂರಕ್ಕೆ ಒಯ್ದೆ. ಆಕೆ ಮನೆಯಲ್ಲಿ ಓದಗೊಡಲಿಲ್ಲ. ಚಹಾ ಹೋಟೆಲಿನ ಮುಂದೆ ಜನ ಕೂರುವ ಕಟ್ಟೆಗೆ ಕರೆದುಕೊಂಡು ಹೋದಳು. ಕೆಲಸ ಬಿಟ್ಟು ಊರಿಗೇ ಬಂದು ನೆಲೆಸಿದ್ದ ಆ ಬಾಂಬೆಯವನೂ ಅಲ್ಲಿದ್ದ. ಓದಿದೆ. ಚಹಾದ ಕಪ್ಪುಗಳು ಅರ್ಧದಲ್ಲೇ ನಿಂತವು. ತೊಗರಿ ಸಾಲಿನಲ್ಲಿ ಕೆಣಕುತ್ತಿದ್ದವರಲ್ಲೊಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಬಾಂಬೆಯವನು ಎದ್ದು ನಿಂತ. "ಹಂಗಾರ ನಾ ನೋಡಿದ್ದು ಯಾರನ್ನ?" ಎಂದ. ಅವನು ಸುಳ್ಳು ಹೇಳುತ್ತಿದ್ದವನಂತೆ ನನಗೆ ಕಾಣಲಿಲ್ಲ. ನಿಜಕ್ಕೂ ಕೇಳುತ್ತಿದ್ದ.

"ನೀ ನೋಡಿದಂವಗೂ ಒಬ್ಬಾಕಿ ಹೆಂಡ್ತಿ ಇರ್ತಾಳಲ್ಲ ಅಣ್ಣಾ, ಅಕಿನ್ನ ಹೋಗಿ ಕೇಳು," ಎಂದಳು ಆಕೆ.

ಆಮೇಲೆ ಪತ್ರಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಓದು ಬಾರದಿದ್ದರೂ, ಸುದ್ದಿಯ ಉದ್ದಕ್ಕೂ ಬೆರಳಾಡಿಸಿದಳು.

"ಬಾಂಬೆ ಅಂತ ಎಲ್ಲೂ ಬಂದಿಲ್ಲಲ್ರಿ ಇದ್ರಾಗ?"

"ಇಲ್ಲ."

"ಮತ್ತೊಮ್ಮೆ ಓದ್ರಿ," ಎಂದು ಪತ್ರಿಕೆ ಮರಳಿ ಕೊಟ್ಟಳು. "ಸ್ವಲ್ಪ ಜೋರಲೆ ಓದ್ರಿ. ಹಿಂದಿನವರಿಗೆ ಕೇಳಿಲ್ಲ."