ಬುಟ್ಟಿಕೆರೆಗೆ ಬಂದ ಕುದುರೆಗಳು

ನಮ್ಮ ಕೊಟ್ರಯ್ಯ ಬಸ್ ಕಂಡಕ್ಟರ್ ಆಗಿದ್ದಾಗಲೇ ಬಾಯಿಬಡುಕ. ಹೊಸಪೇಟೆ–ಸಂಡೂರು ಬಸ್ಸಿನಲ್ಲಿ ಟಿಕೆಟ್ ಹರಿಯುತ್ತ ಸ್ಟಾಪಿಗೊಂದು ಕತೆ ಹೇಳುತ್ತಿದ್ದ. "ಇಳೀರಿ ಇಳೀರಿ, ರಾಯರ ಆನಿ ನೀರು ಕುಡಿದ ಊರು ಬಂತು" ಎಂದು ಸೀಟಿ ಊದುತ್ತಿದ್ದ. ಆನೆ ಅಲ್ಲಿ ನೀರು ಕುಡಿದಿತ್ತೋ ಇಲ್ಲವೋ, ಇಳಿಯುವವರು ನಗುತ್ತ ಇಳಿಯುತ್ತಿದ್ದರು.

ನಿವೃತ್ತಿಯಾದ ಮೇಲೆ ಬಸ್ಸು ಹೋಯಿತು, ಬಾಯಿ ಉಳಿಯಿತು. ಮನೆಯಲ್ಲಿ ಹೆಂಡತಿ ಎಷ್ಟೆಂದು ಕೇಳಿಯಾಳು? ಒಂದು ದಿನ ನನ್ನ ಅಂಗಡಿಗೆ ಬಂದ. ನಾನು ಜಡೆಪ್ಪ, ಹೊಸಪೇಟೆಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವವನು, ಅವನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು.

"ಜಡೆಪ್ಪ, ಊರೂರಿಗೆ ಹೋಗಿ ಆ ಊರಿನ ಇತಿಹಾಸ ಆ ಊರೋರಿಗೇ ಹೇಳೋಣು. ನಿನ್ನ ಮೈಕು, ನನ್ನ ಬಾಯಿ" ಎಂದ.

ಸೋಮವಾರ ಎತ್ತು ಹೂಡುವುದಿಲ್ಲ, ಜನ ಮನೆಯಲ್ಲಿರುತ್ತಾರೆ. ಹಾಗಾಗಿ ಸೋಮವಾರ ಸಂಜೆಯೆಂದು ಗೊತ್ತುಮಾಡಿದೆವು. ಗುಡಿಯ ಕಟ್ಟೆಯ ಮೇಲೆ ಮೊದಲು ಊರಿನ ಹಿರಿಯರು ತಮಗೆ ಗೊತ್ತಿದ್ದದ್ದನ್ನು ಹೇಳುವುದು, ಕೊನೆಗೆ ಇವನು ಅದನ್ನೆಲ್ಲ ಕೂಡಿಸಿ ಮಾತಾಡುವುದು, ಆಮೇಲೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿ, ಚಹಾ. ಕಂಪ್ಲಿಯಿಂದ ಸಂಡೂರಿನವರೆಗೆ ತಿರುಗಿದೆವು. ಎಲ್ಲಿ ಹೋದರೂ ಕಟ್ಟೆ ತುಂಬ ಜನ. ದೊಡ್ಡವರು ಅವನನ್ನು ಅಯ್ಯಾರು ಎಂದರು, ಮಕ್ಕಳು ಕಂಡಕ್ಟರ್ ತಾತ ಎಂದರು.

ಅವನಿಗೊಂದು ಚಟವಿತ್ತು. ಒಂದಕ್ಕೆ ಎರಡು ಸೇರಿಸುತ್ತಿದ್ದ. ನಾವು ಹಂಪಿ ಸುತ್ತಿನ ಜನ. ನಮ್ಮೂರಿಗೂ ರಾಯರ ಕಾಲದ್ದು ಏನಾದರೊಂದು ಇರಲಿ ಎಂಬ ಆಸೆ ಪ್ರತಿ ಊರಿಗೂ ಇದೆ. ಕೊಟ್ರಯ್ಯ ಆ ಆಸೆಯನ್ನು ಚೆನ್ನಾಗಿ ಬಲ್ಲ. ಒಂದೂರಿಗೆ ರಾಣಿಯ ಹೂದೋಟ ಕೊಟ್ಟ, ಇನ್ನೊಂದೂರಿಗೆ ಮುತ್ತಿನ ಸಂತೆ, ಮತ್ತೊಂದಕ್ಕೆ ಸೇನಾಪತಿಯ ಅತ್ತೆಮನೆ. ಏನೂ ಸಿಗದಿದ್ದ ಊರಿಗೆ ಅರಮನೆಯ ಅಗಸರನ್ನಾದರೂ ಕೊಡುತ್ತಿದ್ದ.

"ಯಾವ ಶಾಸನದಾಗ ಐತೋ ಇದು?" ಎಂದು ವಾಪಸ್ ಬರುವಾಗ ನಾನು ಕೆಣಕುತ್ತಿದ್ದೆ.

"ಶಾಸನ ಕೇಳಾಕ ಯಾರು ಬರ್ತಾರಲೇ? ಅವರ ಮಾರಿ ಹೆಂಗ ಅರಳಿತು ನೋಡಿದೇನು?"

ಮುಖ ಅರಳಿದ್ದು ನಿಜ. ಸುಳ್ಳಾದರೂ ಸಿಹಿ ಸುಳ್ಳು, ಅದರಿಂದ ಯಾರ ಗಂಟೂ ಹೋಗುವುದಿಲ್ಲ ಎಂದುಕೊಂಡಿದ್ದೆವು.

ಕೆಂಚಗೊಂದಿ ಸಂಡೂರಿನ ಗುಡ್ಡಗಳ ಬುಡದಲ್ಲಿರುವ ಸಣ್ಣ ಊರು. ಊರಿನ ಮೇಲ್ಗಡೆ ಒಂದು ಕೆರೆ. ಜನಕ್ಕೆ, ದನಕ್ಕೆ, ಕೆಳಗಿನ ಹೊಲಗಳಿಗೆ ಅದೇ ನೀರು. ಹೆಸರು ಬುಟ್ಟಿಕೆರೆ. ನಾವು ಹೋದ ಸೋಮವಾರ ಹೊಳೆಮ್ಮ ಎಂಬ ಮುದುಕಿ ಕಟ್ಟೆಯ ಅಂಚಿಗೆ ಕೂತು ಅದರ ಕತೆ ಹೇಳಿದಳು. ಅವಳ ಅಜ್ಜಿಯ ಕಾಲಕ್ಕೆ ದೊಡ್ಡ ಬರ ಬಂದು ಗಂಡಸರೆಲ್ಲ ಕೂಲಿ ಹುಡುಕಿಕೊಂಡು ಹೊಳೆಸಾಲಿನ ಕಡೆ ಹೋದರಂತೆ. ಉಳಿದ ಹೆಂಗಸರು ಸುಮ್ಮನೆ ಕೂರದೆ, ಮನೆಗೊಂದು ಬುಟ್ಟಿ ಹಿಡಿದು ಮಣ್ಣು ಹೊತ್ತು ಏರಿ ಹಾಕಿದರಂತೆ.

"ನಮ್ಮಜ್ಜಿ ತುಂಬಿದ ಬಸುರಿರಿ. ಮಣ್ಣು ಹೊರೋದು ಬಿಡಲಿಲ್ಲ. ನಮ್ಮವ್ವ ಹುಟ್ಟಿದ್ದು ಆ ಏರಿ ಮ್ಯಾಲೇ. ಎಲ್ಲಿಂದ ಎಲ್ಲೀ ಮಟ ಯಾವ ಮನಿಯೋರು ಹಾಕಿದ್ರು ಅಂತ ಇವತ್ತಿಗೂ ಲೆಕ್ಕ ಐತಿ. ಏರಿ ಕುಸುದ್ರ ಆ ಮನಿಯೋರೇ ಬಂದು ಮುಚ್ಚಬೇಕು" ಎಂದಳು.

ಕೊಟ್ರಯ್ಯ ಎಲ್ಲ ಕೇಳಿದ. ಆಮೇಲೆ ಮೈಕ್ ಹಿಡಿದು, ಅರಬ್ಬರ ಕುದುರೆಗಳು ಹಂಪಿಗೆ ಹೋಗುವ ದಾರಿಯಲ್ಲಿ ಈ ಕೆರೆಯಲ್ಲೇ ಮೈ ತೊಳೆಸಿಕೊಳ್ಳುತ್ತಿದ್ದವು, ಕೊಳೆಯಾದ ಕುದುರೆಯನ್ನು ರಾಯರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ ಎಂದು ಶುರುಮಾಡಿದ. ಇದು ಬುಟ್ಟಿಕೆರೆಯಲ್ಲ, ರಾಯರ ಕುದುರೆ ಹೊಂಡ ಎಂದು ಮುಗಿಸಿದ. ಶಿಳ್ಳೆಯೋ ಶಿಳ್ಳೆ.

ಚಹಾ ಕುಡಿಯುವಾಗ ಹೊಳೆಮ್ಮ ಹತ್ತಿರ ಬಂದಳು. "ಅಯ್ಯಾರ, ನಾ ಹೇಳಿದ್ದು ಬಿಟ್ಟೇಬಿಟ್ರಲ್ಲ."

"ಯವ್ವಾ, ಬುಟ್ಟಿ ಹೊತ್ತ ಕತಿ ಯಾರು ಕೇಳ್ತಾರ?" ಎಂದು ಕೊಟ್ರಯ್ಯ ನಕ್ಕ.

ಅವಳು ಸೆರಗು ಹೊದ್ದು ಮನೆಗೆ ಹೋದಳು.

ಆಮೇಲೆ ನಮ್ಮ ಸೀಮೆಯ ಗುಡ್ಡಗಳೇ ಲಾರಿ ಹತ್ತಿ ಬಂದರಿಗೆ ಹೊರಟ ಕಾಲ ಬಂತು. ಗಿಡದ ಎಲೆ, ಮನೆಯ ಗೋಡೆ, ಒಣಹಾಕಿದ ಅಂಗಿ ಎಲ್ಲ ಕೆಂಪು. ಕೊಟ್ರಯ್ಯ ಸೀಟಿ ಊದಿದ ರಸ್ತೆಯಲ್ಲಿ ಈಗ ಬಸ್ಸಿಗೆ ಜಾಗ ಸಿಗುವುದೇ ಕಷ್ಟವಾಯಿತು. ಕೆಂಚಗೊಂದಿಯ ಗುಡ್ಡದಲ್ಲೂ ಗಣಿ ಬೆಳೆಯಿತು. ಅದಿರಿಲ್ಲದ ಮಣ್ಣನ್ನು ಕೆರೆಯ ಮೇಲಿನ ಇಳಿಜಾರಿಗೆ ಸುರಿಯುತ್ತೇವೆಂದು ಗಣಿಯವರು ಅರ್ಜಿ ಹಾಕಿದರು. ಅರ್ಜಿಯಲ್ಲಿ ಕೆರೆ ಎಂಬ ಮಾತೇ ಇರಲಿಲ್ಲ. ಕಲ್ಲು ತೆಗೆದ ಹಳೆಯ ಗುಂಡಿ, ಬಳಕೆಯಲ್ಲಿಲ್ಲ ಎಂದಿತ್ತು. ಊರವರ ಅಹವಾಲು ಕೇಳಲು ಶಾಮಿಯಾನ ಹಾಕಿ ಸಭೆ ಕರೆದರು. ಮೈಕ್ ನನ್ನದೇ. ಇತಿಹಾಸ ಬಲ್ಲವರು ಬೇಕೆಂದು ಊರವರು ಕೊಟ್ರಯ್ಯನನ್ನು ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದರು.

ಪಂಚಾಯ್ತಿ ಮೆಂಬರ್ ಯಲ್ಲೇಶ್ ಎದ್ದು ಎದೆಯುಬ್ಬಿಸಿ ಹೇಳಿದ: "ಇದು ಗುಂಡಿ ಅಲ್ಲ ಸರ್. ರಾಯರ ಕುದುರಿ ಹೊಂಡ. ಇತಿಹಾಸ ಐತಿ."

ಮೇಜಿನ ಹಿಂದೆ ಕೂತಿದ್ದ ಅಧಿಕಾರಿ ಪಕ್ಕದವರನ್ನು ಕೇಳಿದರು. ಅಂಥ ದಾಖಲೆ ಎಲ್ಲೂ ಇಲ್ಲ ಎಂದು ಅವರು ತಲೆಯಾಡಿಸಿದರು. "ಇದನ್ನ ನಿಮಗೆ ಹೇಳಿದವರು ಯಾರು?" ಎಂದು ಅಧಿಕಾರಿ ಕೇಳಿದಾಗ ಊರಿನ ಅಷ್ಟೂ ತಲೆಗಳು ಕೊಟ್ರಯ್ಯನ ಕಡೆ ತಿರುಗಿದವು.

ಕೊಟ್ರಯ್ಯ ಎದ್ದು ನಿಂತ.

"ಎಲ್ಲಿ ಓದಿದ್ರಿ ಸ್ವಾಮಿ?"

ಇನ್ನೊಂದು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಓದಿಲ್ರಿ ಸರ್. ನಾನೇ ಕಟ್ಟಿ ಹೇಳಿದ್ದು" ಎಂದ.

ಗಣಿಯವರ ಕಡೆಯ ಕುರ್ಚಿಗಳಲ್ಲಿ ನಗು ಹಬ್ಬಿತು. ಯಲ್ಲೇಶನ ಮುಖ ನೋಡಲಾಗಲಿಲ್ಲ. ಆಗ ಹಿಂದಿನ ಸಾಲಿನಿಂದ ಹೊಳೆಮ್ಮ ಎದ್ದು ಬಂದು, ಬರದಿಂದ ಹಿಡಿದು ಏರಿಯ ಮೇಲೆ ತಾಯಿ ಹುಟ್ಟಿದ್ದರವರೆಗೆ ಎಲ್ಲ ಹೇಳಿದಳು. ಯಾವ ಮನೆಯ ಏರಿ ಯಾವುದು ಎಂದು ತೋರಿಸುತ್ತೇನೆ, ಬನ್ನಿ ಎಂದು ಕೈಮುಗಿದು ಕರೆದಳು.

ಅಧಿಕಾರಿ ಕೆಟ್ಟವರಲ್ಲ, ದಣಿದಿದ್ದರು. "ಅಜ್ಜಿ, ಈಗ ತಾನೆ ನಿಮ್ಮೋರು ಕುದುರೆ ಅಂದ್ರು, ಈಗ ನೀವು ಬುಟ್ಟಿ ಅಂತೀರಿ. ಕಾಗಕ್ಕ ಗುಬ್ಬಕ್ಕನ ಕತೆ ಹೇಳೋ ಜಾಗ ಅಲ್ಲ ಇದು" ಎಂದರು.

"ಅದು ಖರೇ ಐತ್ರಿ ಸರ್! ಆಕಿ ಹೇಳೋದು ಖರೇ!" ಎಂದು ಕೊಟ್ರಯ್ಯ ಕೂಗಿದ.

ಶಾಮಿಯಾನದೊಳಗೆ ಮೊದಲಿಗಿಂತ ಜೋರು ನಗು. ಆ ನಗುವಿನಲ್ಲಿ ಕೆಂಚಗೊಂದಿಯ ಒಂದಿಬ್ಬರೂ ಇದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಸಣ್ಣವರಿದ್ದಾಗ ಮೇಷ್ಟ್ರು ಬರೆಸುತ್ತಿದ್ದರು. ನಾನೂ ಕೊಟ್ರಯ್ಯನೂ ಒಟ್ಟಿಗೇ ಬರೆದಿದ್ದೆವು.

ಅರ್ಜಿಗೆ ಒಪ್ಪಿಗೆ ಸಿಕ್ಕಿತು. ಮೊದಲ ಮಳೆಗೇ ಮೇಲಿನ ಮಣ್ಣು ಇಳಿದು ಬಂದು ಕೆರೆ ಕೆಂಪು ಕೆಸರಾಯಿತು. ಮರುವರ್ಷ ಕೆಸರೂ ಗಟ್ಟಿಯಾಗಿ, ಕೆಂಚಗೊಂದಿಯ ಹೆಂಗಸರು ನೀರಿನ ಟ್ಯಾಂಕರಿಗೆ ಕೊಡ ಹಿಡಿದು ನಿಲ್ಲತೊಡಗಿದರು.

ಕೊಟ್ರಯ್ಯ ಸೋಮವಾರದ ತಿರುಗಾಟ ನಿಲ್ಲಿಸಿಬಿಟ್ಟ. ದಿನಾ ನನ್ನ ಅಂಗಡಿಗೆ ಬರುತ್ತಿದ್ದ, ಸ್ಪೀಕರ್ ಡಬ್ಬದ ಮೇಲೆ ಕೂತು ರಸ್ತೆ ನೋಡುತ್ತಿದ್ದ. ಗಣಿಯವರ ಮುಂದೆ ಯಾರ ಮಾತು ತಾನೆ ನಡೆಯುತ್ತಿತ್ತು, ಕೆರೆ ಹೇಗೂ ಹೋಗುತ್ತಿತ್ತು ಬಿಡು ಎಂದು ನಾನು ಸಮಾಧಾನ ಹೇಳುತ್ತಿದ್ದೆ. "ಸೋಲೋದು ಸೋಲ್ತಿದ್ವಿ ಜಡೆಪ್ಪ. ಖರೇ ಹೇಳಿ ಸೋಲಬೌದಿತ್ತು. ಆ ಮುದುಕಿ ಮಾತು ನಗೆಪಾಟಲು ಮಾಡಿದೆ" ಅನ್ನುತ್ತಿದ್ದ. ನನಗೆ ಸಂಕಟವಾಗುತ್ತಿತ್ತು. ಅಷ್ಟು ಮಾತಾಡುತ್ತಿದ್ದವನು ಆ ಒಂದೇ ಮಾತಿಗೆ ಬಂದು ನಿಂತಿದ್ದ.

ನಾಲ್ಕಾರು ವರ್ಷದ ಮೇಲೆ ಒಂದು ದಿನ, "ಕೆಂಚಗೊಂದಿಗೆ ಹೋಗೋಣು, ಬುಟ್ಟಿ ಕತಿ ಹೇಳಬೇಕು" ಎಂದ. ಹೋದೆವು. ಕೆರೆಯಿದ್ದಲ್ಲಿ ಜಾಲಿ ಬೆಳೆದಿತ್ತು. ಪಕ್ಕದಲ್ಲಿ ಊರವರೇ ನೆಟ್ಟ ತಗಡಿನ ಬೋರ್ಡು: ರಾಯರ ಕುದುರೆ ಹೊಂಡ. ಮುಂಗಾಲು ಎತ್ತಿದ ಬಿಳಿ ಕುದುರೆಯ ಚಿತ್ರ ಬೇರೆ. ಸುಳ್ಳಿಗೆ ಸುಖವಿಲ್ಲ ಅನ್ನುತ್ತಾರೆ; ಕೆಂಚಗೊಂದಿಯಲ್ಲಿ ಅದು ಸುಖವಾಗಿಯೇ ಇತ್ತು.

ಹೊಳೆಮ್ಮ ತೀರಿಕೊಂಡು ವರ್ಷವಾಗಿತ್ತು. ಕೊಟ್ರಯ್ಯ ಕಟ್ಟೆ ಹತ್ತಿ, ಒಂದಕ್ಕೆ ಎರಡು ಸೇರಿಸದೆ, ಅವಳು ಹೇಳಿದ್ದನ್ನು ಹೇಳಿದಂತೆಯೇ ಹೇಳಿದ. ದೊಡ್ಡವರು ಆಕಳಿಸಿದರು. ಮಕ್ಕಳು, "ಕುದುರಿ ಕತಿ ಹೇಳು ತಾತ" ಎಂದು ಗಲಾಟೆ ಮಾಡಿದವು. ಮಾತು ಅರ್ಧಕ್ಕೆ ಬಿಟ್ಟು ಅವನು ಹೊಳೆಮ್ಮನ ಸೊಸೆ ಜಂಬಕ್ಕನನ್ನು ಹುಡುಕಿದ. ಅವಳು ಕಂಬಕ್ಕೊರಗಿ ಕೂತಿದ್ದಳು.

"ಯಾವ ಮನಿ ಏರಿ ಯಾವುದು ಅಂತ ನಿಮ್ಮತ್ತಿ ನಿನಗೇನರ ಹೇಳಿದ್ಲೇನವ್ವ?"

"ಇಲ್ರಿ ಅಯ್ಯಾರ. ಕಡೀ ಕಡೀಗೆ ಆಕೀನೂ ಮೊಮ್ಮಕ್ಕಳಿಗೆ ಕುದುರೀ ಕತಿನೇ ಹೇಳ್ತಿದ್ಲು. ನಾನೇ ಒಮ್ಮೆ ಕೇಳಿದ್ನಿ, ಯತ್ತಿ, ನಿಂದು ಬುಟ್ಟಿ ಕತಿ ಐತೆಲ್ಲಾ, ಅದನ್ಯಾಕ ಹೇಳಂಗಿಲ್ಲ ಅಂತ. ಬುಟ್ಟಿ ಹೊತ್ತ ಕತಿ ಯಾರು ಕೇಳ್ತಾರ ಅಂದ್ಲು."

ಕೊಟ್ರಯ್ಯ ನನ್ನ ಕಡೆ ತಿರುಗಿ, "ಮೈಕ್ ಬಂದ್ ಮಾಡೋ ಜಡೆಪ್ಪ" ಎಂದ. ನಾನು ಬಂದ್ ಮಾಡಿದೆ.